ಏನೂ ಕಾಣದ ಕಡೆ ಯಾರು ತೋರಿಸುತ್ತಾರೆ?

ಪೋಲೆಂಡಿನ ಕ್ರಾಕೋವ್ ನಗರದ ಹಳೆ ಪೇಟೆಯಲ್ಲಿ ಪ್ರವಾಸಿಗರಿಗಾಗಿ ಕಾಯುತ್ತ ಬ್ಯಾಟರಿ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಯಹೂದಿ ಕೇರಿ, ಯುದ್ಧಕಾಲದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊ, ಸಿನಿಮಾದಿಂದ ಹೆಸರಾದ ಷಿಂಡ್ಲರ್ ಕಾರ್ಖಾನೆ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ತೋರಿಸಿಬಿಡುತ್ತಾರೆ. ವಿವರಣೆ ಸ್ಪೀಕರಿನಿಂದ ಬರುತ್ತದೆ. ಗಾಡಿಯವನು ಬಾಯಿ ಬಿಡಬೇಕಾಗಿಯೇ ಇಲ್ಲ. ಅದೇ ಊರಿನ ಟ್ರಾವೆಲ್ ಏಜೆನ್ಸಿಗಳಲ್ಲಿ ಬೆಳಿಗ್ಗೆ ಔಶ್ವಿಟ್ಜ್, ಮಧ್ಯಾಹ್ನ ವಿಯೆಲಿಚ್ಕಾದ ಉಪ್ಪಿನ ಗಣಿ ಎಂಬ ಒಂದೇ ದಿನದ ಪ್ಯಾಕೇಜ್ ಸಿಗುತ್ತದೆ. ನಾಜಿಗಳ ಶಿಬಿರದಲ್ಲಿ ಹನ್ನೊಂದು ಲಕ್ಷ ಜನ ಸತ್ತ ಜಾಗ ನೋಡಿ, ದಾರಿಯಲ್ಲಿ ಊಟ ಮುಗಿಸಿ, ಉಪ್ಪಿನಲ್ಲಿ ಕಡೆದ ಮೂರ್ತಿಗಳನ್ನು ನೋಡಲು ನೆಲದೊಳಗೆ ಇಳಿಯುವುದು. ಇದು ಯಾಕೋ ಸರಿಹೋಗದವರು, ಓದಿಕೊಂಡು ಬಂದವರು, ಮುತ್ತಜ್ಜನ ಊರು ಹುಡುಕುತ್ತ ಬಂದವರು ಖಾಸಗಿ ಗೈಡ್ ಹಿಡಿಯುತ್ತಾರೆ. ದಿನಕ್ಕಿಷ್ಟು ಎಂದು ಹಣ ಕೊಟ್ಟರೆ ಇತಿಹಾಸ ಓದಿದ ಒಬ್ಬರು ನಿಮ್ಮೊಬ್ಬರಿಗಾಗಿಯೇ ಜೊತೆಗೆ ನಡೆಯುತ್ತಾರೆ.

ಈ ಹಣ ಸಾರ್ಥಕವೇ? ಎಲ್ಲಿ ಹೋಗುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಹೆಚ್ಚಿನವರು ಖಾಸಗಿ ಗೈಡ್‌ಗೆ ಹಣ ಸುರಿಯುವುದು ಔಶ್ವಿಟ್ಜ್‌ನಲ್ಲಿ. ನನ್ನ ದೃಷ್ಟಿಯಲ್ಲಿ ಆ ಹಣದ ಅಗತ್ಯ ತೀರ ಕಡಿಮೆ ಇರುವುದೇ ಅಲ್ಲಿ.

ಮೊದಲು ವ್ಯವಸ್ಥೆಯ ಮಾತು. ಔಶ್ವಿಟ್ಜ್-ಬಿರ್ಕೆನೌ ಪೋಲೆಂಡ್ ಸರ್ಕಾರದ ಮ್ಯೂಸಿಯಂ. 1947ರಲ್ಲಿ ಸಂಸತ್ತಿನ ಕಾನೂನಿನಿಂದ ಹುಟ್ಟಿದ್ದು. ಒಳಗೆ ಜನರನ್ನು ಕರೆದೊಯ್ಯುವ ಹಕ್ಕು ಮ್ಯೂಸಿಯಂ ತಾನೇ ತರಬೇತಿ ಕೊಟ್ಟ ಗೈಡ್‌ಗಳಿಗೆ ಮಾತ್ರ. ಪ್ರವೇಶ ಉಚಿತ, ಆದರೆ ಹೆಸರು ಹಾಕಿಸಿ ಮುಂಚಿತವಾಗಿ ಪಾಸ್ ಪಡೆಯಬೇಕು, ಹಣ ಗೈಡ್‌ಗೆ. ಹೀಗಾಗಿ ‘ಖಾಸಗಿ ಔಶ್ವಿಟ್ಜ್ ಪ್ರವಾಸ’ ಎಂದು ಮಾರುವುದರಲ್ಲಿ ಎಷ್ಟೋ ಸಲ ಖಾಸಗಿಯಾಗಿರುವುದು ಕಾರು ಮಾತ್ರ. ಎಪ್ಪತ್ತು ಕಿಲೋಮೀಟರ್ ಎ.ಸಿ. ಕಾರಿನಲ್ಲಿ ಹೋಗಿ ಇಳಿದ ಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮೂವತ್ತು ಜನರ ಗುಂಪಿನ ಬಾಲಕ್ಕೆ ಸೇರಿಕೊಳ್ಳುವುದೇ. ಮ್ಯೂಸಿಯಂ ಗೈಡ್ ಒಬ್ಬರನ್ನೇ ನಿಮಗಾಗಿ ಗೊತ್ತುಮಾಡಿಕೊಳ್ಳಬಹುದು, ಸುಮಾರು ಆರು ಗಂಟೆಯ ಅಧ್ಯಯನ ಪ್ರವಾಸವೂ ಇದೆ. ಅದನ್ನು ಸ್ಪಷ್ಟವಾಗಿ ಕೇಳಿಯೇ ಬುಕ್ ಮಾಡಬೇಕು. ಜರ್ಮನಿಯ ದಹಾವ್‌ನಲ್ಲೂ ಸ್ಮಾರಕದ ಪರವಾನಗಿ ಇಲ್ಲದ ಗೈಡ್ ಒಳಗೆ ವಿವರಣೆ ಕೊಡುವಂತಿಲ್ಲ. ಆಮ್‌ಸ್ಟರ್‌ಡ್ಯಾಮಿನ ಆನ್ ಫ್ರಾಂಕ್ ಮನೆಯೊಳಗಂತೂ ಗೈಡ್ ಪದ್ಧತಿಯೇ ಇಲ್ಲ. ನಿಗದಿತ ಹೊತ್ತಿನ ಟಿಕೆಟ್ ಆನ್‌ಲೈನ್‌ನಲ್ಲಿ ಕೊಂಡು ಒಬ್ಬರೇ ಮೆಟ್ಟಿಲು ಹತ್ತಬೇಕು. ‘ಆನ್ ಫ್ರಾಂಕ್ ವಾಕ್’ ಎಂದು ಮಾರಾಟವಾಗುವುದೆಲ್ಲ ಹೊರಗಿನ ಬೀದಿಗಳ ನಡಿಗೆ. ಇದಕ್ಕೆ ವಿರುದ್ಧವಾಗಿ, ಪೋಲೆಂಡಿನ ಬೀದಿಗಳಲ್ಲಿ ಯಾರು ಬೇಕಾದರೂ ಗೈಡ್ ಆಗಬಹುದು. ನಗರದ ಗೈಡ್‌ಗಳಿಗೆ ಮೊದಲಿದ್ದ ಪರೀಕ್ಷೆ, ಲೈಸೆನ್ಸ್ ಎಲ್ಲವನ್ನೂ 2014ರಿಂದ ತೆಗೆದುಹಾಕಿದ್ದಾರೆ.

ಔಶ್ವಿಟ್ಜ್‌ನ ಗೈಡ್‌ಗಳ ಬಗ್ಗೆ ನನ್ನ ತಕರಾರಿಲ್ಲ. ಮೊದಮೊದಲು ಈ ಕೆಲಸ ಮಾಡಿದವರು ಅಲ್ಲೇ ಕೈದಿಗಳಾಗಿದ್ದು ಬದುಕುಳಿದವರು. 1955ರಿಂದ 1990ರವರೆಗೆ ನಿರ್ದೇಶಕರಾಗಿದ್ದ ಕಝಿಮಿಯೆಷ್ ಸ್ಮೊಲೆನ್ ಅವರೂ ಅಲ್ಲಿನ ಹಳೆಯ ಕೈದಿ. ಆ ತಲೆಮಾರು ಹೋದ ಮೇಲೆ ಬಂದವರು ಕಟ್ಟುನಿಟ್ಟಾಗಿ ತಯಾರಾದವರು, ಕಣ್ಣೀರು ತರಿಸುವ ನಾಟಕ ಮಾಡುವವರಲ್ಲ. ಅಲ್ಲದೆ ಅಲ್ಲಿ ಕಣ್ಣಿಗೆ ಕಾಣುವುದೇ ಬಹಳ. ಗಾಜಿನ ಹಿಂದೆ ರಾಶಿ ಬಿದ್ದ ಬೂಟುಗಳು, ಬಿಳಿ ಬಣ್ಣದಲ್ಲಿ ಹೆಸರು, ಊರು ಬರೆದ ಸೂಟ್‌ಕೇಸ್‌ಗಳು, ಸುಮಾರು ಎರಡು ಟನ್ ಮನುಷ್ಯರ ಕೂದಲು. ಆ ಕೂದಲಿನ ಕೋಣೆಯಲ್ಲಿ ಫೋಟೋ ತೆಗೆಯುವಂತಿಲ್ಲ. ಸಾಧಾರಣ ಗೈಡ್ ಸಿಕ್ಕರೂ ಅಲ್ಲಿಂದ ಯಾರೂ ಬರಿಗೈಯಲ್ಲಿ ವಾಪಸಾಗುವುದಿಲ್ಲ.

ಒಳ್ಳೆಯ ಗೈಡ್ ಅಲ್ಲೂ ಬೇರೆಯಾಗಿ ಕಾಣುವುದು ಎರಡು ಕಡೆ. ಮುಖ್ಯ ಶಿಬಿರದ ಗ್ಯಾಸ್ ಚೇಂಬರನ್ನು ನಾಜಿಗಳು ಯುದ್ಧದ ನಡುವೆಯೇ ಬಾಂಬ್ ಆಶ್ರಯತಾಣವಾಗಿ ಬದಲಿಸಿದ್ದರು. ಇಂದು ಕಾಣುವ ರೂಪವನ್ನು ಯುದ್ಧದ ಬಳಿಕ ಮ್ಯೂಸಿಯಂ ಮರಳಿ ಕಟ್ಟಿದ್ದು. ಇದನ್ನು ಹೇಳದೆ ದಾಟಿಸಿದರೆ, ಮುಂದೆ ಎಂದಾದರೂ ಯಹೂದಿಗಳ ಈ ಸಾಮೂಹಿಕ ಹತ್ಯೆ, ಅಂದರೆ ಹಾಲೊಕಾಸ್ಟ್, ನಡೆದೇ ಇಲ್ಲ ಎನ್ನುವವನ ಬಾಯಿಂದ ಈ ಸಂಗತಿ ಕೇಳಿದ ದಿನ ಪ್ರವಾಸಿ ತಬ್ಬಿಬ್ಬಾಗುತ್ತಾನೆ. ಇನ್ನೊಂದು ಸತ್ತವರ ಲೆಕ್ಕ. ಸೋವಿಯತ್ ಕಾಲದ ಫಲಕಗಳಲ್ಲಿ ನಲವತ್ತು ಲಕ್ಷ ಎಂದಿತ್ತು. ಮ್ಯೂಸಿಯಂನ ಇತಿಹಾಸಕಾರ ಫ್ರಾನ್ಸಿಶೆಕ್ ಪಿಪರ್ ರೈಲುಗಳ, ಗಡೀಪಾರುಗಳ ದಾಖಲೆ ಕೂಡಿಸಿ ಹನ್ನೊಂದು ಲಕ್ಷ, ಅದರಲ್ಲಿ ಸುಮಾರು ಹತ್ತು ಲಕ್ಷ ಯಹೂದಿಗಳು ಎಂದು ತೋರಿಸಿದರು. 1990ರ ದಶಕದ ಆರಂಭದಲ್ಲಿ ಫಲಕ ಬದಲಾಯಿತು. ಸಂಖ್ಯೆ ಇಳಿದರೂ ಸತ್ಯದ ತೂಕ ಹೆಚ್ಚಿತು. ನೀವು ಕೇಳದೆಯೇ ಈ ಎರಡನ್ನೂ ಹೇಳುವ ಗೈಡ್ ಸಿಕ್ಕರೆ ಅವರ ಉಳಿದ ಮಾತನ್ನೂ ನಂಬಬಹುದು.

ಈಗ ಏನೂ ಉಳಿಯದ ಕಡೆಗೆ ಬರೋಣ. ವಾರ್ಸಾದ ಈಶಾನ್ಯಕ್ಕೆ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ ಟ್ರೆಬ್ಲಿಂಕಾ. 1942ರ ಜುಲೈನಿಂದ ಮುಂದಿನ ವರ್ಷದ ಬೇಸಿಗೆಯವರೆಗೆ ಇಲ್ಲಿ ಕೊಂದದ್ದು ಎಂಟರಿಂದ ಒಂಬತ್ತು ಲಕ್ಷ ಜನರನ್ನು. ಔಶ್ವಿಟ್ಜ್‌ನಂತೆ ಇದು ಜನರನ್ನು ಕೂಡಿಹಾಕಿ ದುಡಿಸುವ ಶಿಬಿರವಲ್ಲ. ರೈಲಿನಿಂದ ಇಳಿದವರು ಎರಡು ಮೂರು ಗಂಟೆ ಬದುಕಿರುತ್ತಿದ್ದರು, ಅಷ್ಟೇ. ಹಾಗಾಗಿ ಬ್ಯಾರಕ್‌ಗಳ ಸಾಲು ಇರಲಿಲ್ಲ, ಬದುಕಿ ಬಂದು ಹೇಳಿದವರು ಬೆರಳೆಣಿಕೆ. 1943ರ ಆಗಸ್ಟ್ 2ರಂದು ಕೈದಿಗಳು ದಂಗೆ ಎದ್ದ ಮೇಲೆ ನಾಜಿಗಳು ಕಟ್ಟಡಗಳನ್ನು ಕೆಡವಿ, ನೆಲ ಉತ್ತು, ಲೂಪಿನ್ ಗಿಡ ಬಿತ್ತಿ, ಒಂದು ತೋಟದ ಮನೆ ಕಟ್ಟಿ ಕಾವಲಿಗೆ ಒಕ್ಕಲು ಕೂಡಿಸಿಹೋದರು. ಇಂಥದೇ ಶಿಬಿರಗಳಾದ ಬೆವುಜೆಟ್ಸ್, ಸೊಬಿಬೋರ್‌ಗಳದ್ದೂ ಹೆಚ್ಚುಕಡಿಮೆ ಇದೇ ಕತೆ. ಬೆವುಜೆಟ್ಸ್‌ನಲ್ಲಿ ಸುಮಾರು ನಾಲ್ಕೂವರೆ ಲಕ್ಷ ಜನ ಸತ್ತರು. ಉಳಿದು ಬಂದು ಒಳಗಿನದ್ದನ್ನು ವಿವರವಾಗಿ ಬರೆದಿಟ್ಟವರು ರುಡಾಲ್ಫ್ ರೆಡರ್ ಒಬ್ಬರೇ ಎನ್ನಬೇಕು.

ಇಂದು ಟ್ರೆಬ್ಲಿಂಕಾದಲ್ಲಿ ಕಾಡಿನ ನಡುವೆ ಒಂದು ಬಯಲು, ಹಳಿಗಳ ಜಾಗದಲ್ಲಿ ಸಿಮೆಂಟಿನ ತೊಲೆಗಳು, 1964ರಲ್ಲಿ ನಿಲ್ಲಿಸಿದ ಹದಿನೇಳು ಸಾವಿರ ಒರಟು ಕಲ್ಲುಗಳು. ಕೆಲವು ಕಲ್ಲುಗಳ ಮೇಲೆ ಊರಿನ ಹೆಸರಿದೆ. ಮನುಷ್ಯನ ಹೆಸರು ಇರುವುದು ಒಂದೇ ಒಂದರ ಮೇಲೆ: ಯಾನುಶ್ ಕೊರ್ಚಾಕ್. ವಾರ್ಸಾ ಘೆಟ್ಟೊದಲ್ಲಿ ಅನಾಥಾಲಯ ನಡೆಸುತ್ತಿದ್ದ ವೈದ್ಯ, ಮಕ್ಕಳ ಲೇಖಕ. ತಾನೊಬ್ಬ ತಪ್ಪಿಸಿಕೊಳ್ಳುವ ಅವಕಾಶ ಬಂದರೂ ಬಿಟ್ಟು, 1942ರ ಆಗಸ್ಟ್ ಮೊದಲ ವಾರದಲ್ಲಿ ಇನ್ನೂರರಷ್ಟು ಮಕ್ಕಳ ಜೊತೆ ರೈಲು ಹತ್ತಿದವರು. ಅದಕ್ಕೆ ಸುಮಾರು ಮೂರು ವಾರದ ಹಿಂದೆ, ಜುಲೈ 18ರಂದು, ಆ ಮಕ್ಕಳು ಅನಾಥಾಲಯದಲ್ಲಿ ಆಡಿದ ನಾಟಕ ರವೀಂದ್ರನಾಥ ಟ್ಯಾಗೋರರ ‘ಡಾಕ್ ಘರ್’. ಕೋಣೆಯಿಂದ ಹೊರಗೆ ಬಿಡದ ಕಾಯಿಲೆಯ ಹುಡುಗನ ಕತೆಯನ್ನು ಗೋಡೆಯೊಳಗೆ ಕೂಡಿಹಾಕಿದ ಮಕ್ಕಳು ಆಡಿದರು. ಅನಾಥಾಲಯದ ಆ ಕೊನೆಯ ವಿಳಾಸ ಇದ್ದ ಕಡೆ ಇವತ್ತು ವಾರ್ಸಾದ ಎತ್ತರದ ಸಂಸ್ಕೃತಿ ಅರಮನೆ ನಿಂತಿದೆ. ಭಾರತದಿಂದ ಹೋದವರು ಅದರ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಹೇಳುವವರು ಜೊತೆಗಿಲ್ಲದಿದ್ದರೆ ಟ್ಯಾಗೋರರ ನಾಟಕ ನಡೆದ ನೆಲ ಅದು ಎಂದು ಗೊತ್ತಾಗುವ ಬಗೆಯೇ ಇಲ್ಲ. ಖಾಸಗಿ ಗೈಡ್‌ನ ಅಸಲು ಕೆಲಸ ಇಂಥ ಕಡೆ.

ವಾರ್ಸಾದ ಮುರಾನುಫ್ ಬಡಾವಣೆಯೂ ಹಾಗೆಯೇ. ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ತುಂಬಿದ್ದ ಘೆಟ್ಟೊವನ್ನು ಅಲ್ಲಿನ 1943ರ ದಂಗೆಯ ನಂತರ ನೆಲಸಮ ಮಾಡಿದರು. ಯುದ್ಧ ಮುಗಿದಾಗ ಅಲ್ಲಿದ್ದದ್ದು ಇಟ್ಟಿಗೆಪುಡಿಯ ಸಮುದ್ರ. ಅದನ್ನು ಸಾಗಿಸುವುದು ಆಗದ ಮಾತಾದ್ದರಿಂದ ವಾಸ್ತುಶಿಲ್ಪಿ ಬೊಹ್ದಾನ್ ಲಾಹೆರ್ಟ್ ಆ ರಾಶಿಯ ಮೇಲೆಯೇ ಹೊಸ ಮನೆಗಳನ್ನು ಕಟ್ಟಿದರು. ಗೋಡೆಗೂ ಅದೇ ಪುಡಿಯಿಂದ ಮಾಡಿದ ಇಟ್ಟಿಗೆ. ಬೀದಿಯಲ್ಲಿ ನಡೆಯುವವನಿಗೆ ಕಾಣುವುದು ಸಾಧಾರಣ ಫ್ಲಾಟ್‌ಗಳು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ. ಬೀದಿಯ ಮಟ್ಟಕ್ಕಿಂತ ಕಟ್ಟಡಗಳು ಯಾಕೆ ಎತ್ತರದಲ್ಲಿವೆ, ಅಲ್ಲಲ್ಲಿ ಸುಮ್ಮಸುಮ್ಮನೆ ಮೆಟ್ಟಿಲು ಹತ್ತಬೇಕಾಗುವುದು ಯಾಕೆ ಎಂದು ಒಬ್ಬರು ನಿಲ್ಲಿಸಿ ತೋರಿಸಿದಾಗ ಕಾಲಡಿಯಲ್ಲಿ ಏನಿದೆ ಎಂದು ತಿಳಿಯುತ್ತದೆ. ಇದೇ ಬಡಾವಣೆಯ ನೊವೊಲಿಪ್ಕಿ ಬೀದಿಯ ಒಂದು ಶಾಲೆಯ ನೆಲಮಾಳಿಗೆಯಲ್ಲಿ ಇತಿಹಾಸಕಾರ ಇಮಾನ್ಯುಯೆಲ್ ರಿಂಗೆಲ್‌ಬ್ಲುಮ್ ಮತ್ತು ಅವರ ಗುಟ್ಟಿನ ತಂಡ ಘೆಟ್ಟೊದ ದಿನಚರಿ, ರೇಷನ್ ಚೀಟಿ, ಪೋಸ್ಟರ್, ಮಿಠಾಯಿ ಕಾಗದಗಳನ್ನೂ ಬಿಡದೆ ಕೂಡಿಸಿ ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿ ಹೂತಿಟ್ಟದ್ದು. 1946ರಲ್ಲಿ ಒಂದು ಕಂತು, 1950ರಲ್ಲಿ ಇನ್ನೊಂದು ಸಿಕ್ಕಿತು. ವಾರ್ಸಾ ಘೆಟ್ಟೊದ ಬಗ್ಗೆ ಗೈಡ್‌ಗಳು ಇಂದು ಹೇಳುವುದರಲ್ಲಿ ಬಹಳಷ್ಟು ಅಲ್ಲಿಂದ ಬಂದದ್ದೇ.

ಕ್ರಾಕೋವ್‌ನಲ್ಲಿ ತೊಡಕು ಬೇರೆ: ಅಲ್ಲಿ ಸಿನಿಮಾ ಇತಿಹಾಸದ ಜಾಗಕ್ಕೆ ಬಂದು ಕೂತಿದೆ. 1993ರ ‘ಷಿಂಡ್ಲರ್ಸ್ ಲಿಸ್ಟ್’ನ ಘೆಟ್ಟೊ ದೃಶ್ಯಗಳನ್ನು ತೆಗೆದದ್ದು ಕಝಿಮಿಯೆಷ್ ಎಂಬ ಹಳೆಯ ಯಹೂದಿ ಕೇರಿಯಲ್ಲಿ. ನಿಜವಾದ ಘೆಟ್ಟೊ ಇದ್ದದ್ದು ವಿಸ್ತುಲಾ ನದಿಯ ಆಚೆ ದಡದ ಪೊದ್ಗುಝೆಯಲ್ಲಿ. ಇನ್ನು ಅದೇ ಊರಿನ ನಾಜಿ ಶಿಬಿರ ಪ್ವಾಶುಫ್. ಅದನ್ನು ಎರಡು ಯಹೂದಿ ಸ್ಮಶಾನಗಳ ಮೇಲೆ ಕಟ್ಟಿದ್ದರು, ಗೋರಿಕಲ್ಲುಗಳನ್ನೇ ಕಿತ್ತು ರಸ್ತೆಗೆ ಹಾಸಿದ್ದರು. ಶಿಬಿರ ಇದ್ದ ಜಾಗ ಈಗ ಹುಲ್ಲು ಬೆಳೆದ ಗುಡ್ಡ. ಜನ ನಾಯಿ ಅಡ್ಡಾಡಿಸಲು ಬರುತ್ತಾರೆ. ಸಿನಿಮಾದ ನಿರ್ದೇಶಕ ಸ್ಪೀಲ್‌ಬರ್ಗ್ ತಂಡ ಸೆಟ್ ಹಾಕಿದ್ದು ಪಕ್ಕದ ಲಿಬಾನ್ ಕಲ್ಲುಕ್ವಾರಿಯಲ್ಲಿ. ಚಿತ್ರೀಕರಣ ಮುಗಿದ ಮೇಲೂ ಸೆಟ್ಟಿನ ಬೇಲಿಕಂಬಗಳು, ನಕಲಿ ಗೋರಿಕಲ್ಲು ಹಾಸಿದ ದಾರಿ ಅಲ್ಲೇ ಉಳಿದವು. ಪೊದೆ ಸರಿಸಿ ಕ್ವಾರಿಗೆ ಇಳಿದವರು ಅಚ್ಚು ಹಾಕಿದ ಹೀಬ್ರೂ ಅಕ್ಷರಗಳನ್ನು ನೋಡಿ ಗದ್ಗದರಾಗುತ್ತಾರೆ, ಆಚೆಯ ನಿಜವಾದ ಗುಡ್ಡವನ್ನು ಖಾಲಿ ಮೈದಾನ ಎಂದು ಬಿಟ್ಟು ಬರುತ್ತಾರೆ. ಇನ್ನೂ ಒಂದು ಸುತ್ತು ಇದೆ: ಆ ಕ್ವಾರಿಯಲ್ಲಿ ಯುದ್ಧಕಾಲದಲ್ಲಿ ಪೋಲಿಷ್ ಯುವಕರನ್ನು ದುಡಿಸಿ ಸಾಯಿಸಿದ ಬೇರೆಯದೇ ದಂಡನಾ ಶಿಬಿರವಿತ್ತು. ಸೆಟ್ಟಿನ ಕೆಳಗೆ ಅದೂ ಮರೆಯಾಯಿತು.

ಗೈಡ್ ತೋರಿಸಿದ್ದೆಲ್ಲ ಸತ್ಯವೆಂದೂ ಅಲ್ಲ. ಈ ಇತಿಹಾಸದಲ್ಲೇ ಒಂದು ಖಾಸಗಿ ಗೈಡೆಡ್ ಟೂರ್ ನಡೆದಿದೆ. ಪ್ರಾಗ್‌ನಿಂದ ಅರವತ್ತು ಕಿಲೋಮೀಟರ್ ದೂರದ ತೆರೆಜಿನ್ ಘೆಟ್ಟೊಗೆ 1944ರ ಜೂನ್ 23ರಂದು ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನ ಮೊರೀಸ್ ರೊಸೆಲ್ ಮತ್ತು ಇಬ್ಬರು ಡೇನಿಷ್ ಅಧಿಕಾರಿಗಳು ಬಂದರು. ಊರು ತುಂಬಿ ತುಳುಕುವಂತೆ ಕಾಣಬಾರದೆಂದು ಮೇ ತಿಂಗಳಲ್ಲೇ 7,503 ಜನರನ್ನು ಔಶ್ವಿಟ್ಜ್‌ಗೆ ರವಾನಿಸಿ ಆಗಿತ್ತು. ಗೋಡೆಗೆ ಬಣ್ಣ, ಚೌಕದಲ್ಲಿ ಹುಲ್ಲುಹಾಸು, ವಾದ್ಯಗೋಷ್ಠಿಗೆ ಮಂಟಪ, ಮಕ್ಕಳಿಗೆ ಆಟದ ಮನೆ. ಯಾವ ಬೀದಿಯಲ್ಲಿ ಹೋಗಬೇಕು, ಎಲ್ಲಿ ಯಾರು ಎದುರಾಗಬೇಕು, ಏನು ಮಾತಾಡಬೇಕು ಎಲ್ಲ ಮೊದಲೇ ನಿಗದಿ. ಅತಿಥಿಗಳಿಗಾಗಿ ಮಕ್ಕಳು ‘ಬ್ರುಂಡಿಬಾರ್’ ಒಪೆರಾ ಹಾಡಿದರು. ಊರಿನ ‘ಮೇಯರ್’ ಎಂದು ಸೂಟು ತೊಡಿಸಿ ಮುಂದೆ ನಿಲ್ಲಿಸಿದ್ದು ಯಹೂದಿ ಹಿರಿಯರ ಮಂಡಳಿಯ ಮುಖ್ಯಸ್ಥ ಪೌಲ್ ಎಪ್‌ಸ್ಟೈನ್ ಅವರನ್ನು. ಹೇಳಿಕೊಟ್ಟದ್ದನ್ನಷ್ಟೇ ಅವರು ಹೇಳಬೇಕಿತ್ತು. ನಿಗದಿತ ದಾರಿ ಬಿಟ್ಟು ಒಂದು ಬಾಗಿಲನ್ನೂ ತಟ್ಟದ ರೊಸೆಲ್, ಎಲ್ಲ ಸರಿಯಿದೆ ಎಂಬ ಧಾಟಿಯ ವರದಿ ಕೊಟ್ಟರು. ಮೂರು ತಿಂಗಳ ನಂತರ ಎಪ್‌ಸ್ಟೈನ್‌ರನ್ನು ಪಕ್ಕದ ಸಣ್ಣ ಕೋಟೆಗೆ ಒಯ್ದು ಗುಂಡಿಕ್ಕಿದರು. ದಶಕಗಳ ಬಳಿಕ ಸಿನಿಮಾ ನಿರ್ದೇಶಕ ಕ್ಲೋದ್ ಲಾಂಜ್‌ಮನ್ ಎದುರು ಕೂತಾಗಲೂ ರೊಸೆಲ್ ತಮ್ಮ ವರದಿಯನ್ನು ಹಿಂದೆಗೆದುಕೊಳ್ಳಲಿಲ್ಲ. ಇವತ್ತು ಪ್ರಾಗ್‌ನಿಂದ ಹೋಗುವ ಅರ್ಧ ದಿನದ ಬಸ್ಸುಗಳಲ್ಲಿ ಎಷ್ಟೋ ಜನ ಆ ಸಣ್ಣ ಕೋಟೆಯನ್ನೇ ಘೆಟ್ಟೊ ಎಂದುಕೊಂಡು ಮರಳುತ್ತಾರೆ. ಅದು ನಾಜಿ ಗುಪ್ತ ಪೊಲೀಸರಾದ ಗೆಸ್ಟಾಪೊ ಸೆರೆಮನೆಯಾಗಿತ್ತು. ಘೆಟ್ಟೊ ಎಂದರೆ ಇಂದಿಗೂ ಜನ ವಾಸವಿರುವ ಆ ಊರೇ. ರೊಸೆಲ್‌ರನ್ನು ನಡೆಸಿದ ದಾರಿಯಲ್ಲೇ ನಡೆಸಿ, ಅವರಿಗೆ ತೋರಿಸದ ಕಟ್ಟಡಗಳನ್ನು ತೋರಿಸಬಲ್ಲ ಗೈಡ್ ತೆರೆಜಿನ್‌ನಲ್ಲಿ ಸಿಕ್ಕರೆ ಬಿಡಬೇಡಿ.

ಇಂದು ಇಂಥ ಜಾಗಗಳ ಮೇಲೆ ಸರ್ಕಾರಗಳ ಕಣ್ಣೂ ಇದೆ. ನಾಜಿ ಅಪರಾಧಗಳ ಹೊಣೆಯನ್ನು ಪೋಲಿಷ್ ರಾಷ್ಟ್ರದ ಮೇಲೆ ಹೊರಿಸಿದರೆ ಮೂರು ವರ್ಷದವರೆಗೆ ಜೈಲು ಎಂಬ ಕಾನೂನನ್ನು ಪೋಲೆಂಡ್ 2018ರ ಆರಂಭದಲ್ಲಿ ತಂದಿತು. ಜಗತ್ತಿನಾದ್ಯಂತ ಗದ್ದಲವಾಗಿ ಜೂನ್‌ನಲ್ಲಿ ಜೈಲಿನ ಅಂಶವನ್ನು ಕೈಬಿಟ್ಟಿತು. ಪೋಲಿಷರ ಸಿಟ್ಟಿಗೂ ಕಾರಣವಿದೆ: ಜರ್ಮನರು ಕಟ್ಟಿ ನಡೆಸಿದ ಶಿಬಿರಗಳನ್ನು ‘ಪೋಲಿಷ್ ಶಿಬಿರ’ ಎನ್ನುವುದು ಅನ್ಯಾಯವೇ. ಹಾಗೆಂದು ಯೆದ್ವಾಬ್ನೆ ಊರಿನಲ್ಲಿ 1941ರ ಜುಲೈ 10ರಂದು ನೆರೆಹೊರೆಯ ಪೋಲಿಷರೇ ಯಹೂದಿಗಳನ್ನು ಕಣಜದಲ್ಲಿ ಕೂಡಿ ಸುಟ್ಟದ್ದು ಸುಳ್ಳಾಗುವುದಿಲ್ಲ. ಬುಡಾಪೆಸ್ಟ್‌ನ ಸ್ವಾತಂತ್ರ್ಯ ಚೌಕದಲ್ಲಿ 2014ರಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಹಂಗೆರಿಯನ್ನು ಮುಗ್ಧ ದೇವದೂತನಂತೆಯೂ ಜರ್ಮನಿಯನ್ನು ಎರಗುವ ಹದ್ದಿನಂತೆಯೂ ಕಡೆದಿದ್ದಾರೆ. 1944ರ ಮೇಯಿಂದ ಜುಲೈವರೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲಿಗೆ ಹತ್ತಿಸುವಲ್ಲಿ ಹಂಗೆರಿಯ ಪೊಲೀಸರು ಹೇಗೆ ಕೈಜೋಡಿಸಿದರು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಅದಕ್ಕೇ ಸಾಮಾನ್ಯ ಜನ ಅದರ ಎದುರಿಗೇ ಮನೆಯ ಫೋಟೋ, ಪತ್ರ, ಹಳೆ ಸೂಟ್‌ಕೇಸ್‌ಗಳನ್ನು ತಂದಿಟ್ಟು ತಮ್ಮದೇ ಪ್ರತಿ-ಸ್ಮಾರಕ ಕಟ್ಟಿದರು. ಸರ್ಕಾರಿ ಫಲಕ ಓದಿ, ಅದರಲ್ಲಿ ಬಿಟ್ಟದ್ದೇನು ಎಂದು ಹೇಳುವ ಧೈರ್ಯ ಖಾಸಗಿ ಗೈಡ್‌ಗೆ ಇರಬಹುದು. ಆದರೆ ಅವರ ಹೊಟ್ಟೆಪಾಡು ನಿಮ್ಮ ಹಣದಿಂದ ನಡೆಯುವುದು, ಆನ್‌ಲೈನ್ ಸ್ಟಾರ್‌ಗಳಿಂದ ನಡೆಯುವುದು. ಗಿರಾಕಿ ಏನು ಕೇಳಲು ಬಂದಿದ್ದಾನೋ ಅದನ್ನೇ ಹೇಳುವ ಸೆಳೆತವೂ ಇರುತ್ತದೆ. ಪಕ್ಕದವರನ್ನೆಲ್ಲ ದುಷ್ಟರೆಂದೋ, ಎಲ್ಲರೂ ಯಹೂದಿಗಳನ್ನು ಬಚ್ಚಿಟ್ಟು ಕಾಪಾಡಿದರೆಂದೋ ಗಂಟೆಗಟ್ಟಲೆ ಒಂದೇ ರಾಗ ಹಾಡುವ ಗೈಡ್ ಸಿಕ್ಕರೆ ಎಚ್ಚರ.

ಪೂರ್ವಜರ ಊರು ಹುಡುಕಿ ಬರುವವರ ಪ್ರವಾಸ ಮಾತ್ರ ನಿಜಕ್ಕೂ ಖಾಸಗಿ. ಗುಂಪಿನಲ್ಲಿ ಅದು ಆಗುವುದೇ ಇಲ್ಲ. ಗೈಡ್ ಮೊದಲು ದಫ್ತರಗಳಲ್ಲಿ ಕೂರಬೇಕು, ಪೋಲಿಷ್ ಅಥವಾ ರಷ್ಯನ್ ಲಿಪಿಯ ಜನನ ನೋಂದಣಿ ಓದಬೇಕು, ಮೂರು ದೇಶಗಳಿಗೆ ಕೈಬದಲಾದ ಊರಿನ ಮೂರು ಹೆಸರು ಗೊತ್ತಿರಬೇಕು. ಬಾಗಿಲು ತೆರೆದ ಇಂದಿನ ಮನೆಯವರಿಗೆ ಈ ಪರದೇಶಿಗಳು ಆಸ್ತಿ ಕೇಳಲು ಬಂದರೇನೋ ಎಂಬ ಅಳುಕು ಇರುತ್ತದೆ; ಆಗ ಬಾಗಿಲಲ್ಲಿ ನಿಂತು ಎರಡೂ ಕಡೆಯವರನ್ನು ಸಮಾಧಾನ ಮಾಡುವುದೂ ಗೈಡ್‌ನ ಕೆಲಸವೇ. ಹುಡುಕಬೇಕಾದ್ದು ಮನೆಯೊಂದನ್ನೇ ಅಲ್ಲ. ಹಾಲೊಕಾಸ್ಟ್‌ನಲ್ಲಿ ಸತ್ತ ಸುಮಾರು ಅರುವತ್ತು ಲಕ್ಷ ಜನರಲ್ಲಿ ಹದಿನೈದು ಲಕ್ಷಕ್ಕೂ ಹೆಚ್ಚು ಮಂದಿ ಯಾವ ಶಿಬಿರವನ್ನೂ ಕಂಡವರಲ್ಲ. ತಮ್ಮ ಊರಿನ ಅಂಚಿನ ಕಂದರದಲ್ಲೋ ಕಾಡಿನಲ್ಲೋ ಗುಂಡೇಟಿಗೆ ಬಲಿಯಾದವರು. ಉಕ್ರೇನಿನ ಕೀವ್‌ನ ಬಾಬಿ ಯಾರ್ ಕಂದರದಲ್ಲಿ 1941ರ ಸೆಪ್ಟೆಂಬರ್ 29, 30ರ ಎರಡೇ ದಿನದಲ್ಲಿ 33,771 ಜನರನ್ನು ಕೊಂದೆವೆಂದು ಕೊಂದವರೇ ಲೆಕ್ಕ ಬರೆದಿಟ್ಟಿದ್ದಾರೆ. ಸಣ್ಣ ಊರುಗಳ ಇಂಥ ಸಾಮೂಹಿಕ ಗೋರಿಗಳಿಗೆ ದಾರಿ ಗೊತ್ತಿರುವುದು ಸ್ಥಳೀಯ ಗೈಡ್‌ಗೆ ಮಾತ್ರ.

ಇಂಥ ಸ್ಮಾರಕಗಳಲ್ಲಿ ಸೆಲ್ಫಿ ತೆಗೆಯುವವರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನಿರ್ದೇಶಕ ಸೆರ್ಗೈ ಲೊಜ್ನಿತ್ಸಾ 2016ರ ‘ಔಸ್ಟರ್‌ಲಿಟ್ಜ್’ ಚಿತ್ರದಲ್ಲಿ ಸ್ಮಾರಕಕ್ಕೆ ಬಂದ ಪ್ರವಾಸಿಗರನ್ನೇ ಸುಮ್ಮನೆ ಕ್ಯಾಮೆರಾ ಇಟ್ಟು ನೋಡಿದರು. ಅದನ್ನು ಒಮ್ಮೆ ನೋಡಿದರೆ ಸಾಕು, ಉಪದೇಶ ಬೇಕಿಲ್ಲ.

ಮ್ಯೂನಿಕ್ ಸುತ್ತಮುತ್ತ ಕೆಲಸಕ್ಕಿರುವ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನನ್ನು ಕೋಟೆ, ಸರೋವರ ಸುತ್ತಿಸಿದ ಮೇಲೆ ಒಂದು ದಿನ ದಹಾವ್‌ಗೂ ಕರೆದೊಯ್ಯುವುದುಂಟು. 1933ರ ಮಾರ್ಚ್‌ನಲ್ಲಿ ತೆರೆದ ಶಿಬಿರ ಅದು. ಲೋಕಲ್ ರೈಲು ಹಿಡಿದು ಒಂದು ಬಸ್ ಬದಲಿಸಿದರೆ ಸಾಕು. ಅಲ್ಲಿನ ಗೈಡ್‌ಗೆ ಒಂದು ಹೆಸರು ಹೇಳಿ: ನೂರ್ ಇನಾಯತ್ ಖಾನ್. ತಂದೆಯ ಕಡೆಯಿಂದ ಟಿಪ್ಪು ಸುಲ್ತಾನನ ವಂಶಕ್ಕೆ ಸೇರಿದವಳು, ಬ್ರಿಟನ್ನಿನ ಗುಪ್ತಪಡೆಯ ವೈರ್‌ಲೆಸ್ ಆಪರೇಟರ್ ಆಗಿ ಪ್ಯಾರಿಸ್‌ನಲ್ಲಿ ಸಿಕ್ಕಿಬಿದ್ದು 1944ರ ಸೆಪ್ಟೆಂಬರ್ 13ರಂದು ದಹಾವ್‌ನಲ್ಲಿ ಗುಂಡೇಟಿಗೆ ಸತ್ತವಳು. ಜೊತೆಗೆ ಸತ್ತ ಇನ್ನು ಮೂವರು ಹೆಣ್ಣುಮಕ್ಕಳ ಹೆಸರಿನೊಂದಿಗೆ ಅವಳ ಹೆಸರಿನ ಫಲಕ ಶವದಹನಾಗಾರದ ಕಟ್ಟಡದಲ್ಲಿದೆ.   

ಹೋಗುವವರಿಗೆ ನನ್ನ ಸಲಹೆ ಇಷ್ಟು. ಔಶ್ವಿಟ್ಜ್‌ಗೆ ಮ್ಯೂಸಿಯಂನ ಗುಂಪಿನ ಜೊತೆಗೇ ಹೋಗಿ, ಕ್ರಾಕೋವ್‌ನಿಂದ ರೈಲಿನಲ್ಲೋ ಬಸ್ಸಿನಲ್ಲೋ. ಅದೇ ದಿನ ಉಪ್ಪಿನ ಗಣಿ ಬೇಡ. ಹದಿನಾಲ್ಕಕ್ಕಿಂತ ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ ಎಂದು ಮ್ಯೂಸಿಯಮ್ಮೇ ಹೇಳುತ್ತದೆ, ಕೇಳಿ. ಹೊರಡುವ ಮೊದಲು ಒಂದು ಪುಸ್ತಕವನ್ನಾದರೂ ಓದಿರಿ. ಏನು ಓದಿದ್ದೀರಿ, ಏನು ನೋಡಬೇಕು ಎಂದು ಗೈಡ್‌ಗೆ ಮೊದಲೇ ಮೇಲ್ ಮಾಡಿದರೆ ಉತ್ತರದಲ್ಲೇ ಆಸಾಮಿಯ ಹದ ತಿಳಿಯುತ್ತದೆ. ಖಾಸಗಿ ಗೈಡ್‌ಗೆಂದು ತೆಗೆದಿಟ್ಟ ಹಣ ಒಂದೇ ದಿನಕ್ಕೆ ಸಾಕಾಗುವಷ್ಟಿದ್ದರೆ ಅದನ್ನು ವಾರ್ಸಾದಲ್ಲಿ ಖರ್ಚು ಮಾಡಿ: ಬೆಳಿಗ್ಗೆ ಮುರಾನುಫ್, ಮಧ್ಯಾಹ್ನ ಟ್ರೆಬ್ಲಿಂಕಾ.